ಎಣ್ಣೆಯಲ್ಲಿ ಅದ್ದಿದ ಕಾಗದದ ಫಿಲ್ಟರ್

ಚೆಟ್ಟಳ್ಳಿಯ ರಸ್ತೆ ಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಜೀಪು, ಕಾರು ರಿಪೇರಿ ಮಾಡುತ್ತಿದ್ದ ಬೆಳ್ಳಿಯಪ್ಪ ಗಾಡಿಯ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದ. ಮನುಷ್ಯರ ಮಾತು ಮಾತ್ರ ಅವನ ಕಿವಿಗೆ ಇಳಿಯುತ್ತಿರಲಿಲ್ಲ. ತನಗೆ ತಿಳಿದದ್ದೇ ವೇದ ಎನ್ನುವ ಜಾತಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆರೇಳು ವರ್ಷವಾಗಿದ್ದ ಕಾಲ. ಎಸ್ಟೇಟಿನ ಜೀಪುಗಳಲ್ಲಿ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ ಎಣ್ಣೆಯ ಬಟ್ಟಲೂ ತಂತಿಯ ಜಾಲರಿಯೂ ಇರುತ್ತಿದ್ದವು. ಧೂಳು ಎಣ್ಣೆಗೆ ಅಂಟಿ ಉಳಿಯುತ್ತಿತ್ತು, ಗಾಳಿ ಒಳಗೆ ಹೋಗುತ್ತಿತ್ತು. ಆ ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆಯಲ್ಲಿ ಅದ್ದಿ ಕೂರಿಸುವುದನ್ನು ಬೆಳ್ಳಿಯಪ್ಪ ಹದಿನೈದು ವರ್ಷದಿಂದ ಕಣ್ಣು ಮುಚ್ಚಿ ಮಾಡುತ್ತಿದ್ದ.

ಆ ವರ್ಷ ಕಾಫಿ ಕೊಯ್ಲು ಜೋರಾಗಿದ್ದಾಗ ಪೊನ್ನಪ್ಪನವರ ಎಸ್ಟೇಟಿನ ಜೀಪಿನ ಎಣ್ಣೆ ಬಟ್ಟಲು ಒಡೆಯಿತು. ಜೀಪು ತಂದವನು ಡ್ರೈವರ್ ಕೆಂಚ. ಎಸ್ಟೇಟಿನ ಕೂಲಿಗಳ ಲೈನುಮನೆಯಲ್ಲಿ ಹುಟ್ಟಿ ಸ್ಟೀರಿಂಗ್ ಹಿಡಿದವನು ಅವನೊಬ್ಬನೇ. ಖಾಕಿ ಅಂಗಿಗೆ ದಿನವೂ ಇಸ್ತ್ರಿ ಹಾಕಿಸುತ್ತಿದ್ದ. ಅವನು ಜೀಪಿನಲ್ಲಿ ಹೋಗುವಾಗ ಕಾಫಿ ಕೊಯ್ಯುವ ಹೆಂಗಸರು ಬುಟ್ಟಿ ಕೆಳಗಿಟ್ಟು ನೋಡುತ್ತಿದ್ದರು.

ಬೆಳ್ಳಿಯಪ್ಪ ಮೈಸೂರಿಗೆ ಹೋದ. ಅಂಗಡಿಯಲ್ಲಿ ಎರಡು ಸಾಮಾನು ಸಿಕ್ಕವು. ಒಂದು ಹಳೆಯ ಬಗೆಯ ಎಣ್ಣೆ ಬಟ್ಟಲು, ಬಳಸಿದ್ದೇ ಆದರೂ ಗಟ್ಟಿಯಾಗಿತ್ತು. ಇನ್ನೊಂದು ಯಾವುದೋ ಬೇರೆ ಕಂಪೆನಿಯದು, ತಗಡಿನ ಡಬ್ಬಿಯೊಳಗೆ ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್. ಇಡೀ ಚೆಟ್ಟಳ್ಳಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಮೊದಲು ತಂದವನು ತಾನೆಂಬ ಹೆಮ್ಮೆಗೆ ಅಷ್ಟು ಸಾಕಾಯಿತು, ಅದನ್ನೇ ಆರಿಸಿಕೊಂಡ. ಅಂಗಡಿಯವನು, “ಇದನ್ನ ನೆನೆಸ್ಬೇಡಿ ಸ್ವಾಮಿ. ಧೂಳು ಕೂತ್ರೆ ಮೆಲ್ಲಗೆ ತಟ್ಟಿ ಉದುರಿಸಿ, ಅಷ್ಟೇ,” ಎಂದ. ಬೆಳ್ಳಿಯಪ್ಪ ತಲೆ ಆಡಿಸಿದ. ಕೇಳಿಸಿಕೊಂಡನೆಂದು ಅರ್ಥವಲ್ಲ.

ತಿಂಗಳು ಕಳೆದು ಕೆಂಚ ಜೀಪು ತಂದಾಗ ಫಿಲ್ಟರಿನ ಮಡಿಕೆಗಳಲ್ಲಿ ಕೆಂಪು ಧೂಳು ತುಂಬಿತ್ತು. ಎಣ್ಣೆ ಇಲ್ಲದೆ ಧೂಳು ನಿಲ್ಲುವುದುಂಟೇ ಎಂದುಕೊಂಡು ಬೆಳ್ಳಿಯಪ್ಪ ಅದನ್ನು ಸೀಮೆಎಣ್ಣೆಯಲ್ಲಿ ಜಾಲಾಡಿ, ಪಕ್ಕದ ಕಾಫಿ ಕಣದಲ್ಲಿ ಬಿಸಿಲಿಗಿಟ್ಟು, ಎಣ್ಣೆಯಲ್ಲಿ ಅದ್ದಿದ. ಹೊಸ ಸಾಮಾನಿಗೆ ಹಳೆಯ ಶಾಸ್ತ್ರ! ಕಾಗದದ ಅಂಚಿನ ಅಂಟು ಒಂದು ಕಡೆ ಬಿಟ್ಟಿದ್ದು ಕಣ್ಣಿಗೆ ಬಿತ್ತು. ಹೆಬ್ಬೆರಳಿನಿಂದ ಒತ್ತಿ, ಗ್ರೀಸು ಸವರಿ, ಡಬ್ಬಿ ಮುಚ್ಚಿದ.

ಕೊಯ್ಲು ಮುಗಿಯುವ ಹೊತ್ತಿಗೆ ಜೀಪು ನೀಲಿ ಹೊಗೆ ಕಾರುತ್ತಿತ್ತು, ಏರಿನಲ್ಲಿ ಮೂಟೆ ಎಳೆಯಲಾರದೆ ನಿಲ್ಲುತ್ತಿತ್ತು. ಬೆಳ್ಳಿಯಪ್ಪ ಎಂಜಿನ್ ಬಿಚ್ಚಿದ. ಸಿಲಿಂಡರಿನ ಗೋಡೆ ತುಂಬ ಗೀರು. ಗಾಳಿಯ ಕೊಳವೆಯೊಳಗೆ ಬೆರಳಾಡಿಸಿದರೆ ನುಣ್ಣನೆಯ ಕೆಂಪು ಮಣ್ಣು. ಫಿಲ್ಟರಿನ ಅಂಚು ಬಾಯಿ ಬಿಟ್ಟುಕೊಂಡಿತ್ತು. ಸೀಮೆಎಣ್ಣೆಗೆ ಅಂಟು ಬಿಟ್ಟು ಆ ಸಂದಿಯಿಂದ ಧೂಳು ಒಳಗೆ ನುಗ್ಗಿದೆ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು. ಫಿಲ್ಟರನ್ನು ಯಾರೂ ಕಾಣದಂತೆ ಗೋಣಿಯ ಕೆಳಗೆ ತಳ್ಳಿದ.

ಪೊನ್ನಪ್ಪ ಬಂದವರೇ ಕೆಂಚನ ಮೇಲೆ ಹರಿಹಾಯ್ದರು. “ಎಣ್ಣೆ ನೋಡದೆ ಓಡಿಸಿದ್ದೀಯ! ನಿನ್ನಂಥವನ ಕೈಗೆ ಗಾಡಿ ಕೊಟ್ಟದ್ದು ನನ್ನ ತಪ್ಪು. ಏನು ಬೆಳ್ಳಿಯಪ್ಪ, ಹೌದೋ ಅಲ್ಲವೋ?”

ಕೆಂಚ ಬೆಳ್ಳಿಯಪ್ಪನ ಮುಖ ನೋಡಿದ. ಬೆಳ್ಳಿಯಪ್ಪ ಸ್ಪ್ಯಾನರ್ ಒರೆಸುತ್ತಾ, “ಓಡಿಸುವಾಗ ಸ್ವಲ್ಪ ಜಾಗ್ರತೆ ಬೇಕಿತ್ತು, ಸಾವ್ಕಾರ್ರೇ,” ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೆಂಚ ಕೀಲಿ ಒಪ್ಪಿಸಿದ. ಮತ್ತೆ ಬುಟ್ಟಿ ಹೊರಲು ಲೈನಿಗೆ ಮರಳಲಾರದೆ, ವಾರದೊಳಗೆ ತಿತಿಮತಿಯ ಕಡೆಗೆ ಕಾಡಿನ ಕೆಲಸಕ್ಕೆ ಹೊರಟುಹೋದ.

ಆಮೇಲೆ ಬೆಳ್ಳಿಯಪ್ಪನಿಗೆ ಅನ್ನ ರುಚಿಸಲಿಲ್ಲ. ಹೆಂಡತಿ ಯಮುನ ಒತ್ತಾಯಿಸಿ ಕೇಳಿದಾಗ ಎಲ್ಲವನ್ನೂ ಹೇಳಿಕೊಂಡ. “ಸತ್ಯ ನಿಮ್ಗೆ ಗೊತ್ತುಂಟಲ್ಲಾ, ಮತ್ತೆ ಬಾಯಿಗೆ ಬೀಗ ಯಾಕೆ?” ಎಂದಳು ಅವಳು. ನಾಳೆ ಹೇಳುತ್ತೇನೆ, ಈ ಕೊಯ್ಲು ಮುಗಿಯಲಿ, ಮಳೆ ಕಳೆಯಲಿ ಎನ್ನುತ್ತಾ ಎರಡು ವರ್ಷ ತಳ್ಳಿದ. ಹೇಡಿಗೆ ನೆಪಗಳಿಗೇನು ಬರ!

ಕೊನೆಗೆ ಪೊನ್ನಪ್ಪನವರ ಮುಂದೆ ನಿಂತು ತಪ್ಪೊಪ್ಪಿಕೊಂಡ. ಅವರು ನಕ್ಕುಬಿಟ್ಟರು. “ಅಯ್ಯೋ, ಹಳೇ ಕಥೆ ಬಿಡು ಮಾರಾಯ. ಈಗಿರುವ ಡ್ರೈವರ್ ಒಳ್ಳೆಯವನೇ.” ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನ್ನಿಸಿತು ಅವನಿಗೆ. ಮರುದಿನವೇ ತಿತಿಮತಿಯ ಬಸ್ಸು ಹತ್ತಿದ.

ಕೆಂಚ ಮರದ ಡಿಪೋದಲ್ಲಿ ಲಾರಿಗೆ ದಿಮ್ಮಿ ಏರಿಸುತ್ತಿದ್ದ. ಹೆಗಲಲ್ಲಿ ಗಾಯದ ಕಲೆ, ಅಂಗಿ ಇರಲಿಲ್ಲ. ಬೆಳ್ಳಿಯಪ್ಪನನ್ನು ಕಂಡು ಸಂತೋಷದಿಂದಲೇ ಬಂದ. ಬೆಳ್ಳಿಯಪ್ಪ ಕಾಗದ, ಸೀಮೆಎಣ್ಣೆ, ಬಿಟ್ಟ ಅಂಟು, ಗೋಣಿ, ಏನನ್ನೂ ಮುಚ್ಚಿಡದೆ ಹೇಳಿ, “ನಿಂದೇನೂ ತಪ್ಪಿರ್ಲಿಲ್ಲ ಕೆಂಚ. ಎಲ್ಲಾ ನಂದೇ,” ಎಂದ. ಹೊಡೆದರೆ ಹೊಡೆಸಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದ.

ಕೆಂಚ ಕೈ ಎತ್ತಲಿಲ್ಲ. ದಿಮ್ಮಿಯ ಮೇಲೆ ಕುಳಿತು ತನ್ನ ಅಂಗೈಗಳನ್ನೇ ನೋಡಿಕೊಂಡ.

“ನೀವು ಹಂಗಂದ್ಮೇಲೆ ನಿಜಾನೇ ಅನ್ಕೊಂಡೆ ಅಣ್ಣ,” ಎಂದ. “ನಿಮ್ಗಿಂತ ಗೊತ್ತಿರೋರು ಯಾರಿದ್ರು? ಈ ಕಂಟ್ರಾಕ್ಟರು ಎರಡು ಸಲ ಲಾರಿ ಓಡ್ಸು ಬಾ ಅಂತ ಕರೆದ್ರು. ನನ್ ಕೈಲಿ ಇನ್ನೊಂದು ಗಾಡಿ ಸಾಯೋದು ಬೇಡ ಅಂತ ನಾನೇ ಒಲ್ಲೆ ಅಂದೆ.”

ಲಾರಿಯ ಹತ್ತಿರದಿಂದ ಯಾರೋ ಕೂಗಿದರು. ಕೆಂಚ ಎದ್ದು ಹೋಗಿ ದಿಮ್ಮಿಗೆ ಹೆಗಲು ಕೊಟ್ಟ.