ಪ್ಲಾಸ್ಟಿಕ್ ಹಾಸಿನ ಮೇಲೆ ಅವ್ವ

ಹೊಸ ವಿನೈಲ್ ಹಾಸಿನ ಸುರುಳಿ ಬಿಚ್ಚಿದಾಗ ಒಂದು ವಾಸನೆ ಬರುತ್ತದಲ್ಲ, ಸಿಹಿಯೂ ಅಲ್ಲದ, ಸೀಮೆಎಣ್ಣೆಯೂ ಅಲ್ಲದ, ಮೂಗಿನ ಬುಡಕ್ಕೆ ಹೋಗಿ ಕೂತುಬಿಡುವ ವಾಸನೆ, ಅದು ಎಲ್ಲಿ ಬಂದರೂ ನನಗೆ ದಾಂಡೇಲಿಯ ನಮ್ಮ ಕ್ವಾರ್ಟರ್ಸು ನೆನಪಾಗುತ್ತದೆ. ಮೊಮ್ಮಗನಿಗೆ ವಿನೈಲ್ ಎಂದರೆ ಹಾಡಿನ ಕರಿಯ ತಟ್ಟೆ. ಅಂಗಡಿಯವನಿಗೆ ನೆಲಹಾಸು, ಗೋಡೆಗೆ ಅಂಟಿಸುವ ಹಾಳೆ. ಅರವತ್ತರ ದಶಕದಲ್ಲಿ ನಮಗೆ ಆ ಶಬ್ದವೇ ಗೊತ್ತಿರಲಿಲ್ಲ. ಮಳೆಕೋಟು, ಬುಟ್ಟಿ, ವೈರಿನ ಮೇಲಿನ ಸಿಪ್ಪೆ, ಎಲ್ಲವನ್ನೂ ಪ್ಲಾಸ್ಟಿಕ್ ಎಂದೇ ಕರೆದುಕೊಂಡು ಸುಖವಾಗಿದ್ದೆವು.

ಅಪ್ಪನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಧಾರವಾಡದಿಂದ ನಮ್ಮ ಜೊತೆ ಬಂದ ಅಜ್ಜಿ, ಅಂದರೆ ಅಪ್ಪನ ತಾಯಿ, ತನ್ನ ಮಡಿಯನ್ನೂ ಗಂಟು ಕಟ್ಟಿಕೊಂಡೇ ಬಂದಿದ್ದಳು. ಆ ಪುಟ್ಟ ಮನೆಯಲ್ಲಿ ಅದು ಹಾಸಿ ಹೊದೆಯುವಷ್ಟಿತ್ತು. ತಿಂಗಳಿಗೊಮ್ಮೆ ಅವ್ವ ಹೊರಗಾದಾಗ ಹಿತ್ತಲ ಕಡೆಯ ಜಗಲಿಯಲ್ಲಿ ಗೋಣಿತಟ್ಟಿನ ಮೇಲೆ ಕೂರಬೇಕು. ಮೈಲಿಗೆ ಅರಿವೆಯಿಂದ ಅರಿವೆಗೆ ಹಾಯುತ್ತದೆಂದು ಅಜ್ಜಿಯ ಶಾಸ್ತ್ರ. ಹೀಗಾಗಿ ಅವ್ವನ ತೊಡೆ ಏರಬೇಕೆಂದರೆ ನಾನು ಲಂಗ ಕಳಚಿಟ್ಟು ಬತ್ತಲೆ ಓಡಬೇಕು. ನನಗೋ ಆಗಲೇ ನಾಚಿಕೆ ಸುರುವಾಗಿತ್ತು. ಪಕ್ಕದ ಮನೆಯ ಹುಡುಗ ಬೇಲಿಯ ಹತ್ತಿರ ನಿಂತಿದ್ದನೆಂದರೆ ಅವ್ವನ ಮೇಲಿನ ನನ್ನ ಪ್ರೀತಿ ಅರ್ಧ ದಾರಿಯಿಂದಲೇ ವಾಪಸು ಬರುತ್ತಿತ್ತು. ಒಂದು ವರ್ಷ ಮಳೆಗಾಲದಲ್ಲಿ ಜಗಲಿಗೆ ಇರಚಲು ಹೊಡೆದು ಅವ್ವನಿಗೆ ಕೆಮ್ಮು ಹತ್ತಿತು, ಬಿಡಲೇ ಇಲ್ಲ. ಅಪ್ಪ ಎಷ್ಟು ಹೇಳಿದರೂ ಅಜ್ಜಿ ಅವಳನ್ನು ಒಳಗೆ ಕೂಡಿಸಲು ಒಪ್ಪಲಿಲ್ಲ. ಆದರೆ ಹೊರಗೆ ಅವ್ವ ಕೆಮ್ಮಿದಾಗಲೆಲ್ಲ ಒಳಗೆ ಅಜ್ಜಿಯ ಜಪ ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ ಸುರು ಮಾಡುತ್ತಿದ್ದಳು.

ಅಂಥ ಹೊತ್ತಿನಲ್ಲಿ ಕ್ಯಾಸಲ್‌ರಾಕಿನ ರೈಲ್ವೆಯಲ್ಲಿದ್ದ ಸೋದರಮಾವ ಗೋವಾ ಕಡೆಯಿಂದ ಬಂದ ಒಂದು ಪ್ಲಾಸ್ಟಿಕ್ ಹಾಸು ತಂದುಕೊಟ್ಟ. ಅದರ ತುಂಬ ದ್ರಾಕ್ಷಿ ಗೊಂಚಲುಗಳ ಚಿತ್ರ. ಮೇಜಿನ ಮೇಲೆ ಹಾಸುವುದಂತೆ. ನಮ್ಮ ಮನೆಯಲ್ಲಿ ಮೇಜೇ ಇರಲಿಲ್ಲ. ಅಜ್ಜಿ ದೂರದಿಂದಲೇ ಪರೀಕ್ಷೆ ಮಾಡಿದಳು. ನೂಲಲ್ಲ, ರೇಷ್ಮೆಯಲ್ಲ, ಉಣ್ಣೆಯಲ್ಲ, ತೊಗಲೂ ಅಲ್ಲ. ಇದು ಮಡಿಯೋ ಮೈಲಿಗೆಯೋ ಎಂದು ಹೇಳಬಲ್ಲವರು ಕಾರ್ಖಾನೆಯ ಕಾಲನಿಯಲ್ಲಿ ಯಾರೂ ಇರಲಿಲ್ಲವಾಗಿ, ತೀರ್ಪು ಬರುವವರೆಗೆ ಹಾಸು ಗೂಟಕ್ಕೆ ನೇತಾಡಿತು.

ತೀರ್ಪು ಬಂದದ್ದು ದೀಪ ಸರಿಮಾಡಲು ಬಂದ ವೈರ್‌ಮನ್ ಮಲ್ಲಪ್ಪನಿಂದ. ಅವನು ಬರಿಗೈಯಲ್ಲಿ ವೈರು ಹಿಡಿದದ್ದು ಕಂಡು ಅಜ್ಜಿ ಚೀರಿದಳು. "ಅಂಜಬ್ಯಾಡ್ರಿ ಅಜ್ಜಿ, ಮ್ಯಾಲ ಪ್ಲಾಸ್ಟಿಕ್ ಐತಿ. ಅದರಾಗ ಕರೆಂಟ್ ಹಾಯಂಗಿಲ್ರಿ," ಎಂದ. ಅಜ್ಜಿ ಗೂಟದ ಕಡೆ ಕೈ ಮಾಡಿದಳು. "ಅದರಾಗೂ ಹಾಯಂಗಿಲ್ಲೇನೋ?" ಮಲ್ಲಪ್ಪ ತಿರುಗಿ ನೋಡಿ, "ಅದೂ ಪ್ಲಾಸ್ಟಿಕ್ ಅಲ್ಲೇನ್ರಿ? ಏನೂ ಹಾಯಂಗಿಲ್ರಿ," ಎಂದ. ತಾನು ಯಾವ ಮೊಕದ್ದಮೆಗೆ ಸಾಕ್ಷಿ ನುಡಿದೆನೆಂದು ಪಾಪ, ಅವನಿಗೆ ಕೊನೆಗೂ ತಿಳಿಯಲಿಲ್ಲ.

ಮುಂದಿನ ಸಲ ಅವ್ವ ಹೊರಗಾದಾಗ ಅಜ್ಜಿ ತಾನೇ ಒಳಕೋಣೆಯ ಮೂಲೆಯಲ್ಲಿ ಆ ಹಾಸು ಹಾಸಿದಳು. "ಶಾಂತಾ, ಒಳಗ ಬಾ. ಕರೆಂಟೇ ಹಾಯಂಗಿಲ್ಲಂತ, ಮೈಲಿಗಿ ಏನ್ ಹಾಯ್ತದ?" ಎಂದಳು. ಅಪ್ಪ ನಗು ತಡೆಯಲಾರದೆ ಅಂಗಳಕ್ಕೆ ಹೋದ. ಅವ್ವ ನಗಲಿಲ್ಲ. ದ್ರಾಕ್ಷಿಗಳ ಮೇಲೆ ಕೂತು, ಬೆಚ್ಚಗಿನ ಗೋಡೆಗೆ ಬೆನ್ನು ಕೊಟ್ಟು, ಕೂತಲ್ಲೇ ನಿದ್ದೆ ಹೋದಳು. ನಾನು ಲಂಗ ತೊಟ್ಟುಕೊಂಡೇ ಹಾಸಿನ ಅಂಚಿಗೆ ಕೂತೆ. ಆ ಮಳೆಗಾಲ ಮುಗಿಯುವುದರೊಳಗೆ ಕೆಮ್ಮು ನಿಂತಿತು.

ಪ್ಲಾಸ್ಟಿಕ್ಕಿಗೂ ಮುಪ್ಪು ಬರುತ್ತದೆ. ಕೆಲವು ವರ್ಷಗಳಲ್ಲಿ ಹಾಸು ಗಡುಸಾಗಿ, ಮಡಿಕೆ ಮಡಿಕೆಗೂ ಸೀಳಿ, ಕೆಳಗಿನ ನೆಲ ಅಂಗೈಯಗಲ ಕಾಣತೊಡಗಿತು. ಒಂದು ಬೆಳಿಗ್ಗೆ ಅವ್ವ ಅದರ ಮುಂದೆ ನಿಂತು ಅಳುಕುತ್ತ ಕೇಳಿದಳು: "ಅತ್ಯಾರ, ಹಾಸು ಹರದದರಿ. ಹೊರಗ ಕೂಡ್ಲೇನ್ರಿ?" ಕನ್ನಡಕವಿಲ್ಲದೆಯೇ ಅಕ್ಕಿಯ ಹರಳು ಆರಿಸಬಲ್ಲ ಅಜ್ಜಿ ಬತ್ತಿ ಹೊಸೆಯುತ್ತಲೇ, ಆ ಕಡೆ ತಲೆ ಎತ್ತದೆ ಹೇಳಿದಳು: "ಎಲ್ಲಿ ಹರದದ? ನನಗೇನೂ ಕಾಣವಲ್ದು. ಸುಮ್ಮನ ಕೂಡು."

ಅವರಿಬ್ಬರೂ ಈಗಿಲ್ಲ. ಅಜ್ಜಿ ಹೋದಾಗ ನಾನು ಅಳಲಿಲ್ಲ, ಚಿಕ್ಕವಳಿದ್ದೆ. ಅವಳಿಗಾಗಿ ಅತ್ತದ್ದು, ನನ್ನ ಮನೆಗೆ ಸೊಸೆ ಬಂದು, ಕಂಡದ್ದನ್ನು ಕಾಣವಲ್ದು ಅನ್ನುವ ಪಾಳಿ ನನಗೆ ಬಂದ ಮೇಲೆ.