ಚುಕ್ಕಿ ಹಾಕದೆ ಉಳಿಸಿದ ಪದ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಗ್ರಂಥಾಲಯಗಳಲ್ಲಿದ್ದ ಹಳೇ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಹುಡುಕಿ ಓದಲು ಬರುವಂತೆ ಟೈಪ್ ಮಾಡಿಸುತ್ತಿದ್ದೆವು. ಎಲ್ಲರೂ ಒಂದೇ ರೀತಿ ಮಾಡಲೆಂದು ನಿಯಮಗಳನ್ನು ಬರೆಯುವ ಕೆಲಸ ನನ್ನದು. ಮೊದಲ ನಿಯಮವನ್ನು ಹೆಮ್ಮೆಯಿಂದಲೇ ಬರೆದಿದ್ದೆ: ಪುಸ್ತಕದಲ್ಲಿ ಇದ್ದದ್ದು ಇದ್ದಂತೆಯೇ ಇರಬೇಕು, ಒಂದಕ್ಷರವೂ ಬದಲಾಗಬಾರದು.

ಹುಕ್ಕೇರಿಯಲ್ಲಿ ಟೈಪ್ ಮಾಡುತ್ತಿದ್ದವರು ನಾಗನೂರಿನ ಸುಜಾತಾ. ಒಂದು ಮಧ್ಯಾಹ್ನ ಅವರು ತಟ್ಟನೆ ಕೈ ನಿಲ್ಲಿಸಿದರು. ಏನಾಯಿತೆಂದು ಪಕ್ಕದಲ್ಲಿದ್ದ ನಾನು ಬಗ್ಗಿ ನೋಡಿದೆ. ಪರದೆಯ ಮೇಲಿದ್ದ ಹಳೇ ಪುಟದಲ್ಲಿ ಅವರ ಜಾತಿಯವರನ್ನು ಹೀಯಾಳಿಸುವ ಪದವೊಂದಿತ್ತು.

ನನಗೆ ಮುಖವೆತ್ತಲಾಗಲಿಲ್ಲ. “ಆ ಪದದ ಬದಲಿ ಚುಕ್ಕಿ ಹಾಕಿಬಿಡ್ರಿ. ನಿಯಮಾ ನಾ ತಿದ್ದತೇನಿ,” ಎಂದೆ.

“ಬ್ಯಾಡ್ರಿ ಸರ್. ಚುಕ್ಕಿ ಹಾಕಿದ್ರ, ನಮಗ ಯಾರೂ ಹಂಗ ಅಂದೇ ಇಲ್ಲ ಅಂತ ಆಗತೈತಿ. ಅಂದಾರ್ರಿ. ನಮ್ಮಜ್ಜ ಸಾಯೂ ತನಕಾ ಅದನ್ನ ಕೇಳ್ಯಾನ.”

“ಹಂಗಾರ ಏನ್ ಮಾಡೂಣು?”

“ಪದ ಇರ್ಲಿ. ಇದು ಬೈಗುಳ ಅಂತ ಬಾಜೂಕ ಬರೀರಿ.” ಅವರು ಕುರ್ಚಿ ಬಿಟ್ಟು ಎದ್ದರು. “ಆದ್ರ ಟೈಪ್ ನೀವು ಮಾಡ್ರಿ. ನನ್ನ ಕೈಲೆ ಮಾಡಿಸಬ್ಯಾಡ್ರಿ.”

ಅವರು ಕಿಟಕಿಯ ಬಳಿ ಹೋಗಿ ನಿಂತರು. ನಾನು ಕುಳಿತು ಒಂದೊಂದೇ ಅಕ್ಷರ ಒತ್ತಿದೆ.

ಅಂಥ ಪದವನ್ನು ಉಳಿಸಿ, ಪಕ್ಕದಲ್ಲಿ ಟಿಪ್ಪಣಿ ಬರೆಯಬೇಕೆಂಬ ನಿಯಮ ಈಗ ನಮ್ಮ ಮಾರ್ಗಸೂಚಿಯಲ್ಲಿದೆ. ಯೋಜನೆಯ ಸಭೆಯಲ್ಲಿ ಎಲ್ಲರೂ ಅದನ್ನು ಮೆಚ್ಚಿದರು. ಟೈಪ್ ಮಾಡುವವರು ಒಲ್ಲೆನೆಂದರೆ ನಿಯಮ ಬರೆದವರೇ ಕೂತು ಟೈಪ್ ಮಾಡಬೇಕೆಂದೂ ನಾನು ಸೇರಿಸಿದ್ದೆ. ಅದೊಂದನ್ನು ಮಾತ್ರ, ಅನಗತ್ಯವೆಂದು ತೆಗೆದುಹಾಕಿದರು.