ಸುಧಾಕರ ಜೂಜಾಡಿರಲಿಲ್ಲ

ಶೈಲಾ, ನಿನ್ನ ಮದುವೆ ತಪ್ಪಿಸಿದವಳು ನಾನು. ಜಾತಕವಲ್ಲ, ಅಮ್ಮನ ಹಟವೂ ಅಲ್ಲ — ನಾನು, ನಿನ್ನ ಒಡಹುಟ್ಟಿದ ಅಕ್ಕ. ಸುಧಾಕರ ಜೂಜುಕೋರ ಎಂದು ಹೇಳಿದ್ದೆನಲ್ಲ, ಅದು ಸುಳ್ಳು. ಹೇಳುವಾಗ ತಪ್ಪಾಗಿ ತಿಳಿದು ಹೇಳಿದೆ. ನಿಜ ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಮೊದಲನೆಯದನ್ನು ತಪ್ಪು ಅನ್ನಬಹುದು. ಎರಡನೆಯದನ್ನು — ಏನನ್ನಲಿ?

ನೋಟು ರದ್ದಾದ ಮರುವರ್ಷ ಅದು. ಬಿಟ್‌ಕಾಯಿನ್ ಬೆಲೆ ದಿನದಿನಕ್ಕೆ ಏರುತ್ತಿತ್ತು. ಸಾಲಿಗ್ರಾಮದ ನಮ್ಮ ಮನೆಯ ಚಾವಡಿಯಲ್ಲಿ ಕೂತು ಮುಂಬಯಿಯ ಒಂದು ಕಂಪನಿಗೆ ನಾನು ವರದಿ ಬರೆಯುತ್ತಿದ್ದೆ. ಅದೇನು ಕೆಲಸವೆಂದು ನೀನು ಯಾವತ್ತೂ ಕೇಳಲಿಲ್ಲ, ಈಗ ಹೇಳುತ್ತೇನೆ. ಯಾರು ಯಾರಿಗೆ ಬಿಟ್‌ಕಾಯಿನ್ ಕಳಿಸಿದರೂ ಅದು ಬ್ಲಾಕ್‌ಚೈನ್ ಎಂಬ ಬಹಿರಂಗ ಲೆಕ್ಕದಲ್ಲಿ ದಾಖಲಾಗುತ್ತದೆ, ಬೇಕಾದವರು ನೋಡಬಹುದು. ಹೆಸರಿರುವುದಿಲ್ಲ, ವಿಳಾಸವೆಂದು ಕರೆಯುವ ಒಂದು ಉದ್ದದ ಅಕ್ಷರಸಾಲು ಮಾತ್ರ. ಬಹುಕಾಲ ಅಲುಗದೆ ಇದ್ದ ನಾಣ್ಯ ಎದ್ದು, ಕೊಡುಕೊಳ್ಳುವ ಎಕ್ಸ್‌ಚೇಂಜಿನ ಕಡೆ ಹೊರಟರೆ ಯಾರೋ ಮಾರಲು ಹೊರಟಿದ್ದಾರೆ ಎಂದು ಲೆಕ್ಕ. ಇವತ್ತು ಕೊಂಡು ನಾಳೆ ಮಾರುವ ಆಟ ಎಷ್ಟು ಜೋರಾಗಿದೆ ಎಂದು ಹೀಗೆ ಅಳೆದು ಬರೆಯುವುದೇ ನನ್ನ ಅನ್ನ. ಊರಲ್ಲಿ ಸ್ವಲ್ಪ ಹೆಸರೂ ಬಂದಿತ್ತು — ಸುಳ್ಳು ಯಾಕೆ ಹೇಳಲಿ, ಅದು ತಲೆಗೇರಿತ್ತು.

ಬೈಂದೂರಿನಿಂದ ಸುಧಾಕರನ ಮನೆಯವರು ನಿನ್ನನ್ನು ಕೇಳಿಕೊಂಡು ಬಂದಾಗ, ದೊಡ್ಡವಳು ವಿಚಾರಿಸಿ ಹೇಳಲಿ ಎಂದು ಅಮ್ಮ ನನ್ನ ಮೇಲೆ ಬಿಟ್ಟಳು. ಕುಂದಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಹುಡುಗ. ನೀವಿಬ್ಬರೂ ಮೊದಲೇ ಮೆಚ್ಚಿಕೊಂಡಿದ್ದಿರಿ. ಅವನು ಸ್ವಲ್ಪ ಬಿಟ್‌ಕಾಯಿನ್ ಕೊಂಡು ಮುಟ್ಟದೆ ಇಟ್ಟಿದ್ದ. ನನ್ನ ಲ್ಯಾಪ್‌ಟಾಪ್ ಸರಿಮಾಡಿದ ಮಜೂರಿಯನ್ನು ನಾನು ಅದರಲ್ಲೇ ಕಳಿಸಿದ್ದರಿಂದ ಅವನ ವಿಳಾಸ ನನ್ನ ಬಳಿ ಇತ್ತು. ತೆಗೆದು ನೋಡಿದೆ. ವರ್ಷಗಟ್ಟಲೆ ಅಲುಗದ್ದು ಆ ವಾರ ಚೂರು ಚೂರಾಗಿ ಹೊರಗೆ ಹೋಗಿತ್ತು. ಎಲ್ಲಿಗೆ ಹೋಯಿತೆಂದು ಮುಂದೆ ನೋಡಬೇಕಿತ್ತು. ಕಂಪನಿಗೆ ಬರೆಯುವಾಗ ಒಂದು ದಿನವೂ ನಾನು ಅದನ್ನು ಬಿಟ್ಟವಳಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹೊಸಬರಿಗೆ ಪಾಠ ಹೇಳುತ್ತಿದ್ದವಳೇ ನಾನು. ಅವತ್ತು ನೋಡಲಿಲ್ಲ, ಕೊಂಡು ಮಾರುವ ಆಟಕ್ಕೆ ಇಳಿದಿದ್ದಾನೆ ಎಂದೇ ತೀರ್ಮಾನಿಸಿದೆ. ಯಾಕೆ? ನನ್ನ ಮದುವೆಯ ಮಾತು ಆಗಲೇ ನಿಂತುಹೋಗಿತ್ತು. ನೀನೂ ಹೊರಟರೆ ಆ ಮನೆಯಲ್ಲಿ ನಾನು... ಇದನ್ನು ನೆಪವಾಗಿ ಹೇಳುತ್ತಿಲ್ಲ. ಮನಸ್ಸಿನಲ್ಲಿ ಇತ್ತು, ಅಷ್ಟೆ.

"ಅವ್ನಿಗೆ ಜೂಜಿನ ಮರ್ಳ್ ಹಿಡ್ದಿತ್ತ್ ಅಮ್ಮ," ಎಂದೆ.

ಅಪ್ಪಯ್ಯ ಕೋಳಿಅಂಕದ ಜೂಜಿನಲ್ಲಿ ಗದ್ದೆ ಕಳೆದ ಮೇಲೆ ನಮ್ಮ ಮನೆಯಲ್ಲಿ ಆ ಶಬ್ದ ಕೇಳಿದರೆ ಸಾಕು, ಮುಂದೆ ಮಾತಿರಲಿಲ್ಲ. ಅದು ಗೊತ್ತಿದ್ದೇ ಆ ಶಬ್ದ ಆಡಿದೆ. ಅಮ್ಮ ಕೂತಲ್ಲೇ ಬೇಡ ಅಂದಳು. ನೀನು ಅಳಲಿಲ್ಲ, ಜಗಳವಾಡಲಿಲ್ಲ. ಹತ್ತಿರ ಬಂದು ಒಂದೇ ಮಾತು ಕೇಳಿದೆ.

"ನೀ ಸಮಾ ಕಂಡ್ಯಾ ಅಕ್ಕ?"

"ಕಂಡೆ."

ಬೈಂದೂರಿನವರಿಗೆ ಬೇಡವೆಂದು ಹೇಳಿ ಕಳಿಸಿದ ಮೇಲೆ ಒಂದು ದಿನ ಸುಧಾಕರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಕಾರಣ ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಲಿಲ್ಲ. ಬಿಟ್‌ಕಾಯಿನ್ ಎಲ್ಲ ಮಾರಿದೆಯಂತಲ್ಲ ಎಂದು ನಾನೇ ಕೆದಕಿದೆ. ಮಾರಲಿಲ್ಲ, ಹಳೇ ಫೋನು ಕೈಕೊಡುತ್ತಿತ್ತು, ಹೊಸ ಫೋನಿನ ವ್ಯಾಲೆಟ್ಟಿಗೆ, ಅಂದರೆ ತನ್ನದೇ ಇನ್ನೊಂದು ವಿಳಾಸಕ್ಕೆ, ದಾಟಿಸಿದೆ ಎಂದ. "ಒಟ್ಟಿಗೆ ಕಳ್ಸುಕೆ ಹೆದ್ರಿಕಿ ಆಯ್ತ್ ಅಕ್ಕ, ಚೂರ್ ಚೂರೇ ಕಳ್ಸ್ದೆ. ಶೈಲನ್ ಒಟ್ಟಿಗೆ ಮನಿ ಕಟ್ಟುಕೆ ಅಂದೇಳಿ ಇಟ್ಟದ್ದಲ್ದಾ." ಅಷ್ಟು ಹೇಳಿ ತಲೆ ತಗ್ಗಿಸಿದ.

ಮನೆಗೆ ಬಂದು ನೋಡಿದೆ. ಆ ಚೂರುಗಳೆಲ್ಲ ಒಂದೇ ಹೊಸ ವಿಳಾಸದಲ್ಲಿ ಇದ್ದವು. ಒಂದೂ ಎಕ್ಸ್‌ಚೇಂಜಿನ ಕಡೆ ಹೋಗಿರಲಿಲ್ಲ. ಅಮ್ಮ ಅಡುಗೆಮನೆಯಲ್ಲಿದ್ದಳು, ನೀನು ಬಾವಿಕಟ್ಟೆಯಲ್ಲಿ. ಎದ್ದು ಹೋಗಿ ನಾಲ್ಕು ಮಾತು ಹೇಳಿದ್ದರೆ — ಬೈಂದೂರಿಗೆ ಒಂದು ಫೋನು ಮಾಡಿದ್ದರೆ... ಅಷ್ಟು ತಿಳಿದವಳಿಗೆ ಇಷ್ಟು ಗೊತ್ತಾಗಲಿಲ್ಲವೇ ಅಂದಾರೆಂದು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಮಾರನೆಯ ದಿನ ಹೇಳೋಣ ಅಂದುಕೊಂಡೆ, ಆಮೇಲೆ ಹಾಗೆ ಅಂದುಕೊಳ್ಳುವುದನ್ನೂ ಬಿಟ್ಟೆ.

ಮುಂದಿನ ವರ್ಷ ಬ್ರಹ್ಮಾವರದಲ್ಲಿ ಅವನ ಮದುವೆ. ಕರೆದಿದ್ದಾನೆ, ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ನೀನೇ ಹೊರಡಿಸಿದೆ. ಊಟಕ್ಕೆ ಕೂತಾಗ ಮದುಮಗಳನ್ನು ನೋಡುತ್ತ ನನ್ನ ಕಿವಿಯ ಹತ್ತಿರ ಹೇಳಿದೆ: "ಪಾಪ, ಆ ಹೆಣ್ಣಿಗೆ ಯಾರೂ ಹೇಳ್ಲಿಲ್ಯಾ ಅಕ್ಕ? ನಂಗಾದ್ರೂ ನೀ ಇದ್ದೆ."

ಎಲೆ ಮಡಚಿಟ್ಟೆ. ಆಗಲೂ ಹೇಳಲಿಲ್ಲ.

ಆಮೇಲೆ ಬಂದ ಸಂಬಂಧಗಳನ್ನೆಲ್ಲ ನೀನು ಬೇಡವೆಂದೆ. ಜನರನ್ನು ಅಳೆಯುವುದು ನನಗೆ ಬರುವುದಿಲ್ಲ, ಒಮ್ಮೆ ಮೋಸಹೋದದ್ದು ಸಾಕು ಎಂದು ನೀನು ಅಮ್ಮನ ಹತ್ತಿರ ಹೇಳುತ್ತಿದ್ದುದನ್ನು ಕೇಳಿಸಿಕೊಂಡೂ ಕೇಳದವಳಂತೆ ಇದ್ದೆ. ನೀನು ಮೋಸಹೋದದ್ದು ನಿಜ, ನನ್ನಿಂದ.

ಕ್ಷಮಿಸು ಅನ್ನುವುದಿಲ್ಲ. ಇದನ್ನು ನಿನ್ನ ಕೈಗೆ ಕೊಟ್ಟು ಎದುರಿಗೇ ಕೂತಿರುತ್ತೇನೆ. ಓದಿ ನೀನು ಎದ್ದು ಹೋದರೂ ತಡೆಯುವುದಿಲ್ಲ. ಒಂದನ್ನು ಮಾತ್ರ ನಂಬು — ನಂಬು ಅನ್ನಲು ನನಗೆ ಯಾವ ಮುಖವಿದೆ, ಆದರೂ — ನೀನು ಮೆಚ್ಚಿದ ಹುಡುಗ ಒಳ್ಳೆಯವನೇ ಆಗಿದ್ದ ಶೈಲಾ. ಈಗಲೂ ಒಳ್ಳೆಯವನೇ, ಬೇರೊಬ್ಬಳ ಗಂಡನಾಗಿ.